ಶಿರಾಡಿಯಿಂದ ಹಾಸನದವರೆಗೆ ಗಾಯಾಳುವಿನ ಆಕ್ಸಿಜನ್ ತಪ್ಪದಿರಲಿ

ಹಾಸನ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಹಾಗೂ ಎಲ್ಲ ತಾಲೂಕು ಆರೋಗ್ಯಾಧಿಕಾರಿಗಳಿಗೆ,

ವಿಷಯ: ಅಪಘಾತದ ಗಾಯಾಳುಗಳಿಗೆ ಸ್ಥಳದಿಂದ ಜಿಲ್ಲಾ ಆಸ್ಪತ್ರೆಯವರೆಗೆ ಸರಿಯಾದ ಪ್ರಮಾಣದಲ್ಲಿ, ಎಲ್ಲೂ ಕಡಿಯದಂತೆ ಆಕ್ಸಿಜನ್ ಸಿಗುವ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

2021ರ ಕೋವಿಡ್ ಎರಡನೇ ಅಲೆಯ ನಂತರ ರಾಜ್ಯದ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಆಕ್ಸಿಜನ್ ಉತ್ಪಾದನಾ ಘಟಕಗಳು ಬಂದವು, ಹಾಸಿಗೆ ಹಾಸಿಗೆಗೂ ಪೈಪ್‌ಲೈನ್ ಬಂತು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್‌ಗಳು ಹೋದವು. ಆ ದುಡಿಮೆಗೆ ನಾವು ಋಣಿಗಳು. ಆದರೆ ಅದೆಲ್ಲ ಹಾಸಿಗೆಯಲ್ಲಿ ಮಲಗಿದ ರೋಗಿಗಾಗಿ ಆದ ಏರ್ಪಾಡು. ಮಾರನಹಳ್ಳಿಯ ತಿರುವಿನಲ್ಲಿ ಲಾರಿಗೆ ಸಿಕ್ಕಿದವರು, ಮೆಣಸು ಕೊಯ್ಯುವಾಗ ಸಿಲ್ವರ್ ಮರದ ಏಣಿಯಿಂದ ಬಿದ್ದವರು, ಮರಗಸಿ (ತೋಟದ ನೆರಳಿನ ಮರದ ಕೊಂಬೆ ಸವರುವ ಕೆಲಸ) ಮಾಡುವಾಗ ಕೊಂಬೆ ಎದೆಗೆ ಬಡಿಸಿಕೊಂಡವರು, ಯಸಳೂರು ಕಡೆ ಕಾಡಾನೆ ತುಳಿತಕ್ಕೆ ಸಿಕ್ಕಿದವರು ಆ ಹಾಸಿಗೆ ತಲುಪುವ ಮೊದಲಿನ ಒಂದೆರಡು ಗಂಟೆಯಲ್ಲಿ ಆಕ್ಸಿಜನ್ ಅವರ ಶ್ವಾಸಕೋಶಕ್ಕೆ ಹೋಗುತ್ತಿದೆಯೇ ಎಂದು ನೋಡುವ ವ್ಯವಸ್ಥೆ ಇಂದಿಗೂ ಇಲ್ಲ. ತುರ್ತು ಚಿಕಿತ್ಸೆ, ಅರಿವಳಿಕೆ ಮತ್ತು ಆಂಬುಲೆನ್ಸ್ ಕೆಲಸದಲ್ಲಿರುವ ನಾವು ಬರೆಯುತ್ತಿರುವುದು ಅದಕ್ಕಾಗಿ. ಯಾವ ಆಸ್ಪತ್ರೆಯನ್ನೂ, ಯಾವ ವಾಹನವನ್ನೂ ಹೆಸರಿಸಿ ದೂರುವ ಉದ್ದೇಶ ನಮಗಿಲ್ಲ. ಇಲ್ಲಿ ಹೇಳುವ ಕೊರತೆಗಳು ಒಂದೇ ಕಡೆಯವೂ ಅಲ್ಲ.

ಮೊದಲು ಲೆಕ್ಕ ಹೇಳುತ್ತೇವೆ, ಏಕೆಂದರೆ ಹೆಚ್ಚಿನ ಅನಾಹುತ ಲೆಕ್ಕ ಮಾಡದೆ ಹೊರಡುವುದರಿಂದ ಆಗುತ್ತದೆ. ಆಂಬುಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬಿ ಟೈಪ್ ಸಿಲಿಂಡರ್. ಅದರೊಳಗೆ 10 ಲೀಟರ್ ನೀರು ಹಿಡಿಯುವಷ್ಟು ಜಾಗ. ಒಳಗಿನ ಒತ್ತಡ ತೋರಿಸುವ ಗೇಜ್ 150 ತೋರಿಸಿದರೆ 10 × 150, ಅಂದರೆ 1500 ಲೀಟರ್ ಆಕ್ಸಿಜನ್. ತೀವ್ರವಾಗಿ ಗಾಯಗೊಂಡವರಿಗೆ ಚೀಲವಿರುವ ಮಾಸ್ಕ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಬಿಟ್ಟರೆ ತುಂಬಿದ ಸಿಲಿಂಡರ್ 100 ನಿಮಿಷ ಬರುತ್ತದೆ. ಗೇಜ್ 50 ತೋರಿಸುತ್ತಿದ್ದರೆ ಉಳಿದಿರುವುದು 500 ಲೀಟರ್. ಕೊನೆಯ 20ನ್ನು ಲೆಕ್ಕಕ್ಕೆ ಹಿಡಿಯಬಾರದು, ಆಪತ್ತಿಗೆ ಬಿಡಬೇಕು. ಹಾಗಾಗಿ ನಿಜವಾಗಿ ಕೈಗೆ ಸಿಗುವುದು 300 ಲೀಟರ್, ಬರೀ 20 ನಿಮಿಷ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಎಂಥ ಚಾಲಕರಾದರೂ ಗಾಯಾಳುವನ್ನು ಮಲಗಿಸಿಕೊಂಡು 20 ನಿಮಿಷದಲ್ಲಿ ಆ ದೂರ ಮುಟ್ಟಲಾರರು. 'ಸಿಲಿಂಡರ್ ಇದೆ' ಎಂದು ರಿಜಿಸ್ಟರಿನಲ್ಲಿ ಟಿಕ್ ಬಿದ್ದಿರುತ್ತದೆ, ಆಲೂರು ದಾಟುವ ಹೊತ್ತಿಗೆ ಗೇಜಿನ ಮುಳ್ಳು ಸೊನ್ನೆಗೆ ಬಂದಿರುತ್ತದೆ.

ನಮ್ಮ ಜಿಲ್ಲೆಗೆ ಇನ್ನೊಂದು ಕಷ್ಟ ಸೇರುತ್ತದೆ. 2024ರ ಜುಲೈನಲ್ಲಿ ಸಕಲೇಶಪುರ ತಾಲೂಕಿನ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಮಳೆಗಾಲದಲ್ಲಿ ಮರ ಬಿದ್ದು, ಲಾರಿ ಅಡ್ಡ ನಿಂತು ದಾರಿ ಕಟ್ಟುವುದು ಇಲ್ಲಿ ಮಾಮೂಲು. ಆದ್ದರಿಂದ ಪ್ರಯಾಣಕ್ಕೆ ಬೇಕಾದ ಸಮಯದ ಎರಡರಷ್ಟಕ್ಕೆ ಆಕ್ಸಿಜನ್ ಇಟ್ಟುಕೊಂಡೇ ಹೊರಡಬೇಕು. ಒಂದು ಗಂಟೆಯ ದಾರಿಗೆ 60 × 15 = 900 ಲೀಟರ್, ಅದರ ಎರಡರಷ್ಟು 1800 ಲೀಟರ್. ಒಂದು ಬಿ ಸಿಲಿಂಡರ್ ಅದಕ್ಕೆ ಸಾಲದು. ಪಶ್ಚಿಮ ಘಟ್ಟದ ಸೆರಗಿನ ಹೋಬಳಿಗಳಿಗೆ ಓಡಾಡುವ ಪ್ರತಿ ವಾಹನದಲ್ಲೂ ತುಂಬಿದ ಎರಡು ಸಿಲಿಂಡರ್ ಕಡ್ಡಾಯವಾಗಿರಲಿ ಎಂದು ನಾವು ಕೇಳುವುದು ಈ ಲೆಕ್ಕದ ಮೇಲೆ.

ತುಂಬಿದ ಸಿಲಿಂಡರ್ ಇದ್ದೂ ಗಾಯಾಳುವಿಗೆ ಆಕ್ಸಿಜನ್ ಮುಟ್ಟದಿರುವುದು ಇನ್ನೂ ದುಃಖದ ಸಂಗತಿ. ಆಗ ಕೈಕೊಡುವುದು ತೀರಾ ಸಣ್ಣ ಸಾಮಾನುಗಳು. ಸಿಲಿಂಡರಿನ ಪಿನ್ ಇಂಡೆಕ್ಸ್ ವಾಲ್ವ್‌ಗೂ ಒತ್ತಡ ಇಳಿಸುವ ರೆಗ್ಯುಲೇಟರ್‌ಗೂ ನಡುವೆ ಕೂರುವ ವಾಷರ್ ಹರಿದಿದ್ದರೆ ಅಥವಾ ಕಳೆದಿದ್ದರೆ ವಾಲ್ವ್ ತೆರೆದ ಕೂಡಲೇ ಗ್ಯಾಸ್ ಸುಯ್ಯೆಂದು ಹೊರಗೆ ಹೋಗುತ್ತದೆ. ಅದು ಕೆಲವು ರೂಪಾಯಿಯ ವಸ್ತು. ವಾಲ್ವ್ ತಿರುಗಿಸುವ ಕೀ ಇಲ್ಲದಿದ್ದರೆ 1500 ಲೀಟರ್ ಇದ್ದೂ ಇಲ್ಲದ ಹಾಗೆ. ಕೀಯನ್ನು ಸರಪಳಿ ಹಾಕಿ ಸಿಲಿಂಡರಿಗೇ ಕಟ್ಟಬೇಕು. ಕೆಲವು ಸಿಲಿಂಡರಿನ ವಾಲ್ವ್ ಪಿನ್ ಇಂಡೆಕ್ಸ್ ಬಗೆಯದು, ಕೆಲವದು ಬುಲ್‌ನೋಸ್ ಬಗೆಯದು. ಒಂದರ ರೆಗ್ಯುಲೇಟರ್ ಇನ್ನೊಂದಕ್ಕೆ ಕೂರುವುದಿಲ್ಲ. ದಾರಿಯಲ್ಲಿ ತಾಲೂಕು ಆಸ್ಪತ್ರೆಯವರು ದೊಡ್ಡ ಮನಸ್ಸಿನಿಂದ ತುಂಬಿದ ಸಿಲಿಂಡರ್ ಎತ್ತಿ ಕೊಟ್ಟರೂ ಅದು ಉಪಯೋಗಕ್ಕೆ ಬಾರದೆ ಉಳಿಯುವುದು ಇದರಿಂದ. ಜಿಲ್ಲೆಯ ಎಲ್ಲ ಆಂಬುಲೆನ್ಸ್‌ಗಳಿಗೆ, ತಾಲೂಕು ಆಸ್ಪತ್ರೆಗಳಿಗೆ ಒಂದೇ ಬಗೆಯ ವಾಲ್ವ್ ಇರಲಿ ಎಂದು ಒಂದು ಆದೇಶ ಹೊರಟರೆ ಈ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಸಿಲಿಂಡರ್ ಜೋಡಿಸುವ ಕ್ರಮವನ್ನೂ ಹೇಳಬೇಕು. ರೆಗ್ಯುಲೇಟರ್ ಕೂರಿಸುವ ಮೊದಲು ವಾಲ್ವನ್ನು ಒಂದು ಕ್ಷಣ ಸ್ವಲ್ಪ ತೆರೆದು ಮುಚ್ಚಬೇಕು, ಬಾಯಲ್ಲಿ ಕೂತ ದೂಳು ಹಾರಿಹೋಗುತ್ತದೆ. ಹೀಗೆ ಮಾಡುವಾಗ ಅದರ ಬಾಯಿ ಯಾರ ಮುಖದ ಕಡೆಗೂ ಇರಬಾರದು. ಜೋಡಿಸಿದ ಮೇಲೆ ನಿಧಾನವಾಗಿ ತೆರೆಯಬೇಕು. ಒಮ್ಮೆಲೇ ತೆರೆದರೆ ಒತ್ತಡ ರಭಸದಿಂದ ನುಗ್ಗಿ ರೆಗ್ಯುಲೇಟರಿನೊಳಗೆ ಬಿಸಿ ಏರುತ್ತದೆ, ಅಲ್ಲಿ ಎಣ್ಣೆಯ ಪಸೆ ಇದ್ದರೆ ಹೊತ್ತಿಕೊಳ್ಳಬಹುದು. ಬಿಗಿಯಾದ ನಟ್ಟಿಗೆ ಗ್ರೀಸ್ ಹಚ್ಚುವ ಅಭ್ಯಾಸ ಗ್ಯಾರೇಜಿಗೆ ಸರಿ, ಆಕ್ಸಿಜನ್ ಸಿಲಿಂಡರಿಗೆ ಪ್ರಾಣಾಪಾಯ. ಆಕ್ಸಿಜನ್ನಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಬಾಟಲಿ ಒಂದೆರಡು ಗಂಟೆಯ ಪ್ರಯಾಣಕ್ಕೆ ಬೇಕೇ ಇಲ್ಲ. ಘಾಟಿಯ ಕುಲುಕಾಟದಲ್ಲಿ ಅದರ ನೀರು ಟ್ಯೂಬಿಗೆ ಬರುತ್ತದೆ. ಮುಚ್ಚಳ ಸಡಿಲವಿದ್ದರೆ ಗ್ಯಾಸೆಲ್ಲ ಅಲ್ಲೇ ಸೋರಿಹೋಗುತ್ತದೆ. ಹರಿವು ತೋರಿಸುವ ಫ್ಲೋಮೀಟರಿನ ಗುಂಡು 15ರಲ್ಲಿ ಕುಣಿಯುತ್ತಿರುತ್ತದೆ, ಮಾಸ್ಕಿನಲ್ಲಿ ಏನೂ ಬರುತ್ತಿರುವುದಿಲ್ಲ. ಕೈ ಅಡ್ಡ ಹಿಡಿದು ನೋಡಿದರಷ್ಟೇ ಗೊತ್ತಾಗುವ ದೋಷ ಇದು.

ಮಾಸ್ಕ್ ವಿಚಾರದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1ರಿಂದ 6 ಲೀಟರ್ ಕೊಟ್ಟರೆ ಉಸಿರಿನಲ್ಲಿ ಸಿಗುವ ಆಕ್ಸಿಜನ್ ಸುಮಾರು 24ರಿಂದ 44%. ಸಾದಾ ಮಾಸ್ಕಿನಲ್ಲಿ 5ರಿಂದ 10 ಲೀಟರ್ ಬಿಟ್ಟರೆ 40ರಿಂದ 60%. ರಕ್ತಸ್ರಾವ, ಎದೆಗೆ ಪೆಟ್ಟು, ತಲೆಗೆ ಪೆಟ್ಟು ಇರುವವರಿಗೆ ಆರಂಭದಲ್ಲಿ ಬೇಕಾದುದು ಚೀಲವಿರುವ ನಾನ್ ರೀಬ್ರೀದಿಂಗ್ ಮಾಸ್ಕ್, 10ರಿಂದ 15 ಲೀಟರ್. ಆಗ 80% ಮೀರುತ್ತದೆ. ಆದರೆ ಮಾಸ್ಕ್ ಮುಖಕ್ಕೆ ಹಾಕುವ ಮೊದಲು ಒಳಗಿನ ವಾಲ್ವಿನ ಮೇಲೆ ಬೆರಳಿಟ್ಟು ಚೀಲವನ್ನು ಪೂರ್ತಿ ತುಂಬಿಸಬೇಕು. ಹಾಕಿದ ಮೇಲೂ ಉಸಿರು ಎಳೆದಾಗ ಚೀಲ ಪೂರ್ತಿ ಕುಗ್ಗಬಾರದು. ಕುಗ್ಗಿದರೆ ಫ್ಲೋ ಸಾಲದು ಎಂದು ಅರ್ಥ. ಚೀಲದ ಮಾಸ್ಕನ್ನು 5 ಲೀಟರಿನ ಕಾನ್ಸಂಟ್ರೇಟರಿಗೆ ಸಿಕ್ಕಿಸಿ ಕೊಡುವುದು ಈ ಜಿಲ್ಲೆಯಲ್ಲಿ ನಾವು ಮತ್ತೆ ಮತ್ತೆ ಕಾಣುವ ತಪ್ಪು. ಆ ಯಂತ್ರಕ್ಕೆ 15 ಲೀಟರ್ ಕೊಡುವ ಶಕ್ತಿಯಿಲ್ಲ. ಚೀಲ ಕುಗ್ಗಿ, ಗಾಯಾಳು ಉಸಿರಿಗಾಗಿ ಒದ್ದಾಡಿ, ಮಾಸ್ಕನ್ನೇ ಕಿತ್ತೆಸೆಯುತ್ತಾನೆ. 'ಪೇಷೆಂಟ್ ಸಹಕರಿಸುತ್ತಿಲ್ಲ' ಎಂದು ಚೀಟಿಯಲ್ಲಿ ಬರೆಯಲಾಗುತ್ತದೆ. ಗಾಯಾಳುವಿನ ಗಲಾಟೆಗೆ ಮೊದಲ ಕಾರಣ ಆಕ್ಸಿಜನ್ ಕೊರತೆಯೇ ಎಂದು ಹಿಡಿದುಕೊಂಡು ಮುಂದುವರಿಯಬೇಕು. ಕುಡಿದಿದ್ದಾನೆ ಎಂಬ ತೀರ್ಮಾನ ಆಮೇಲಿನದು.

ಇದಕ್ಕೂ ಮೊದಲು ಆಕ್ಸಿಜನ್ ಹೋಗುವ ದಾರಿ ತೆರೆದಿರಬೇಕು. ಬಾಯಲ್ಲಿ ರಕ್ತ, ಮುರಿದ ಹಲ್ಲು, ವಾಂತಿ ತುಂಬಿರುವವರ ಮುಖಕ್ಕೆ ಎಷ್ಟು ಲೀಟರ್ ಬಿಟ್ಟರೂ ವ್ಯರ್ಥ. ಅದನ್ನು ಹೀರಿ ತೆಗೆಯುವ ಸಕ್ಷನ್ ಮೆಷಿನ್ ಬ್ಯಾಟರಿಯಲ್ಲಿ ನಡೆಯುತ್ತದೆಯೇ ಎಂದು ಪ್ರತಿ ಪಾಳಿಯಲ್ಲೂ ನೋಡಬೇಕು. ಕುತ್ತಿಗೆಯ ಮೂಳೆಗೆ ಪೆಟ್ಟಾಗಿರುವ ಶಂಕೆ ಇದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸದೆ, ದವಡೆಯನ್ನಷ್ಟೇ ಎರಡೂ ಕೈಯಿಂದ ಮುಂದಕ್ಕೆ ತಳ್ಳಿ ದಾರಿ ಬಿಡಿಸಬೇಕು. ಉಸಿರಾಟವೇ ಸಾಲದಾದಾಗ ಬೇಕಾಗುವುದು ಅಂಬು ಬ್ಯಾಗ್, ಅಂದರೆ ಕೈಯಿಂದ ಅದುಮಿ ಉಸಿರು ಕೊಡುವ ಚೀಲ. ಓಡುವ ವಾಹನದಲ್ಲಿ ಒಬ್ಬರೇ ಮಾಸ್ಕ್ ಒತ್ತಿ ಹಿಡಿದು ಬ್ಯಾಗನ್ನೂ ಅದುಮಿದರೆ ಅರ್ಧ ಗಾಳಿ ಕೆನ್ನೆಯ ಪಕ್ಕದಿಂದ ಹೊರಗೆ ಹೋಗುತ್ತದೆ. ಇಬ್ಬರು ಬೇಕು. ವಯಸ್ಕರಿಗೆ ನಿಮಿಷಕ್ಕೆ 10 ಸಲ, ಅಂದರೆ 6 ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಮಾತ್ರ. ಗಾಬರಿಯಲ್ಲಿ ಇದು 30ಕ್ಕೆ ಏರುತ್ತದೆ. ತಲೆಗೆ ಪೆಟ್ಟಾದವರಿಗೆ ಇದು ನೇರ ಹಾನಿ. ಅತಿಯಾಗಿ ಗಾಳಿ ಹೊಡೆದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಅದು ಇಳಿದಾಗ ಮಿದುಳಿನ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ, ಊದಿಕೊಂಡ ಮಿದುಳಿಗೆ ಹೋಗುವ ಅಲ್ಪ ರಕ್ತವೂ ಇನ್ನಷ್ಟು ಕಡಿಮೆಯಾಗುತ್ತದೆ.

ಆಕ್ಸಿಜನ್‌ನಿಂದ ಆಗದ ಕೆಲಸವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮಾಸ್ಕ್ ಹಾಕಿದ ಮೇಲೆ ಎಲ್ಲವೂ ಆಯಿತು ಎಂಬ ನೆಮ್ಮದಿಯೂ ಪ್ರಾಣ ತೆಗೆಯುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು 1.34 ಮಿಲಿಲೀಟರ್ ಆಕ್ಸಿಜನ್. ಹಿಮೋಗ್ಲೋಬಿನ್ 14 ಗ್ರಾಂ ಇದ್ದವರ ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 19 ಮಿಲಿಲೀಟರ್ ಆಕ್ಸಿಜನ್ ಇರುತ್ತದೆ. ಅದು 7ಕ್ಕೆ ಇಳಿದರೆ ಒಂಬತ್ತು ಚಿಲ್ಲರೆ. ಶುದ್ಧ ಆಕ್ಸಿಜನ್ ಉಸಿರಾಡಿಸಿದರೆ ರಕ್ತದ ದ್ರವದಲ್ಲಿ ಕರಗಿ ಹೆಚ್ಚುವರಿ ಸಿಗುವುದು ಸುಮಾರು ಒಂದೂವರೆ ಮಿಲಿಲೀಟರ್ ಅಷ್ಟೇ. ಸಾಗಿಸುವ ಲಾರಿಗಳೇ ಇಲ್ಲದಾಗ ಗೋದಾಮು ತುಂಬಿಸಿದ ಹಾಗೆ. ಆದ್ದರಿಂದ ಹರಿಯುವ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸುವುದು ಮೊದಲು. ಗಾಯವಾಗಿ 3 ಗಂಟೆಯೊಳಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ, ಆದಷ್ಟು ಬೇಗ ರಕ್ತ ಪೂರಣ. 2010ರ ಕ್ರ್ಯಾಶ್-2 ಅಧ್ಯಯನದ ನಂತರ ಈ ಇಂಜೆಕ್ಷನ್ನಿಗೆ ಬಲವಾದ ಆಧಾರವಿದೆ, ಬೆಲೆಯೂ ದುಬಾರಿಯಲ್ಲ. ಎದೆಯೊಳಗೆ ಗಾಳಿ ತುಂಬಿ ಶ್ವಾಸಕೋಶವನ್ನು ಒತ್ತುತ್ತಿದ್ದರೆ ಆಕ್ಸಿಜನ್ ಪರಿಹಾರವಲ್ಲ, ಅಂಬು ಬ್ಯಾಗ್ ಒತ್ತಿದರೆ ಇನ್ನೂ ಕೆಡುತ್ತದೆ. ಅಲ್ಲಿ ಬೇಕಾದುದು ತರಬೇತಿ ಪಡೆದವರ ಕೈಯ ದಪ್ಪ ಸೂಜಿ, ಆಮೇಲೆ ಎದೆಗೆ ಟ್ಯೂಬ್. ಕಾಡಾನೆ ತುಳಿತದ, ಸ್ಟಿಯರಿಂಗ್ ಬಡಿದ ಪ್ರಕರಣಗಳಲ್ಲಿ ಇದನ್ನು ಮೊದಲೇ ಅನುಮಾನಿಸಬೇಕು. ತಾಲೂಕು ಆಸ್ಪತ್ರೆಯಲ್ಲಿ ಟ್ಯೂಬ್ ಹಾಕದೆ 'ಆಕ್ಸಿಜನ್ ಮೇಲೆ' ಹಾಸನಕ್ಕೆ ಕಳಿಸುವ ರೂಢಿ ನಿಲ್ಲಬೇಕು.

ಎಷ್ಟು ಕೊಡಬೇಕು ಎಂಬ ಪ್ರಶ್ನೆಗೂ ಈಗ ಉತ್ತರವಿದೆ. ಆರಂಭದಲ್ಲಿ ಧಾರಾಳವಾಗಿ ಕೊಡಿ, ಗಾಯಾಳು ಸ್ವಲ್ಪ ಸ್ಥಿರವಾದ ಮೇಲೆ ಆಕ್ಸಿಮೀಟರ್ 94ರಿಂದ 98ರ ನಡುವೆ ನಿಲ್ಲುವಷ್ಟಕ್ಕೆ ಇಳಿಸಿ. ಮೊದಲೇ ಬೀಡಿ, ಹೊಗೆಯಿಂದ ಶ್ವಾಸಕೋಶ ಕೆಟ್ಟು ಕಾರ್ಬನ್ ಡೈಆಕ್ಸೈಡ್ ನಿಲ್ಲುವ ಸ್ವಭಾವದವರಿಗೆ 88ರಿಂದ 92 ಸಾಕು. ತಲೆಗೆ ಪೆಟ್ಟಾದವರಲ್ಲಿ ಅದು 90ಕ್ಕಿಂತ ಕೆಳಗೆ ಒಂದು ಕ್ಷಣವೂ ಇಳಿಯದಂತೆ ಕಾಯಬೇಕು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಟ್ರಾಮಾಕ್ಸ್-2 ಅಧ್ಯಯನದಲ್ಲಿ ಡೆನ್ಮಾರ್ಕ್, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್‌ಗಳ ಗಾಯಾಳುಗಳಿಗೆ ಮೊದಲ 8 ಗಂಟೆ ಒಂದು ಗುಂಪಿಗೆ ಧಾರಾಳ ಆಕ್ಸಿಜನ್, ಇನ್ನೊಂದಕ್ಕೆ 94% ಕಾಯ್ದುಕೊಳ್ಳುವಷ್ಟೇ ಕೊಟ್ಟು ನೋಡಿದರು. 30 ದಿನಗಳೊಳಗಿನ ಸಾವು ಮತ್ತು ಗಂಭೀರ ಶ್ವಾಸಕೋಶದ ತೊಂದರೆಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಮ್ಮಂಥ ಜಿಲ್ಲೆಗೆ ಇದು ಬಹಳ ದೊಡ್ಡ ಮಾತು. ಹಾಸನದಿಂದ ಬೆಂಗಳೂರಿಗೆ ಕಳಿಸುವ ಗಾಯಾಳುವಿಗೆ 4 ಗಂಟೆ 15 ಲೀಟರ್‌ನಂತೆ ಕೊಟ್ಟರೆ 3600 ಲೀಟರ್ ಬೇಕು. ಅವರು 6 ಲೀಟರ್‌ನಲ್ಲಿ 95% ನಿಲ್ಲುವವರಾದರೆ 1440 ಲೀಟರ್ ಸಾಕು. ದಾರಿಯಲ್ಲಿ ಖಾಲಿಯಾಗುವ ಭಯ ಅಷ್ಟರಮಟ್ಟಿಗೆ ತಪ್ಪುತ್ತದೆ.

ಆದರೆ ಆಕ್ಸಿಮೀಟರನ್ನು ಕುರುಡಾಗಿ ನಂಬಬಾರದು. ಸೋನೆ ಮಳೆಯಲ್ಲಿ ನೆನೆದು ತಣ್ಣಗಾದ ಬೆರಳು, ರಕ್ತದೊತ್ತಡ ಬಿದ್ದಿರುವ ಬೆರಳು ಸರಿಯಾದ ಅಂಕಿ ಕೊಡುವುದಿಲ್ಲ. ಬೆರಳು ಒರೆಸಿ, ಉಜ್ಜಿ ಬೆಚ್ಚಗೆ ಮಾಡಿ ನೋಡಿ, ಬಾರದಿದ್ದರೆ ಕಿವಿಯ ತುದಿಗೆ ಹಾಕಿ. ಅಂಕಿಯೇ ಬರದಿದ್ದರೆ ಪೂರ್ತಿ ಆಕ್ಸಿಜನ್ ಮುಂದುವರಿಸಿ. ಬೆಂಕಿ ಅವಘಡದಲ್ಲಿ, ಮುಚ್ಚಿದ ಕೋಣೆಯ ಕೆಂಡದ ಹೊಗೆಯಲ್ಲಿ ಸಿಕ್ಕಿದವರ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಇದ್ದರೂ ಈ ಯಂತ್ರ 98 ಎಂದೇ ತೋರಿಸುತ್ತದೆ. ಅಂಥವರಿಗೆ ಅಂಕಿ ನೋಡಿ ಇಳಿಸುವ ಪ್ರಶ್ನೆಯೇ ಇಲ್ಲ. ಇನ್ನೊಂದು, ಆಕ್ಸಿಜನ್ ಮೇಲಿರುವವರ ಉಸಿರು ನಿಮಿಷಕ್ಕೆ 6ಕ್ಕೆ ಇಳಿದರೂ ಅಂಕಿ ಸ್ವಲ್ಪ ಹೊತ್ತು ಚೆನ್ನಾಗಿಯೇ ಇರುತ್ತದೆ. ಗಡಿಯಾರ ನೋಡಿ ಉಸಿರು ಎಣಿಸುವುದಕ್ಕೆ ಬದಲಿ ಇಲ್ಲ.

ಉತ್ಪಾದನಾ ಘಟಕಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಆಡಳಿತದಲ್ಲೇ ಇದೆ ಎಂದು ಅನಿಸುತ್ತದೆ. ಘಟಕವಿದೆ ಎಂದರೆ ಸಿಲಿಂಡರ್ ಇದೆ ಎಂದಲ್ಲ. ಈ ಘಟಕ ಗಾಳಿಯ ನೈಟ್ರೋಜನ್ನನ್ನು ಜಿಯೋಲೈಟ್ ಹರಳುಗಳಲ್ಲಿ ಹಿಡಿದಿಟ್ಟು ಸುಮಾರು 93% ಶುದ್ಧತೆಯ ಆಕ್ಸಿಜನ್ನನ್ನು ಕಡಿಮೆ ಒತ್ತಡದಲ್ಲಿ ಪೈಪಿಗೆ ಬಿಡುತ್ತದೆ. ಅದನ್ನು 150ರ ಒತ್ತಡಕ್ಕೆ ಏರಿಸಿ ಸಿಲಿಂಡರ್ ತುಂಬಲು ಬೇರೆಯೇ ಬೂಸ್ಟರ್ ಕಂಪ್ರೆಸರ್ ಬೇಕು. ಅದಿಲ್ಲದ ಕಡೆ ಘಟಕ ಆಸ್ಪತ್ರೆಯ ಗೋಡೆ ದಾಟಿ ಒಂದು ಲೀಟರನ್ನೂ ಕಳಿಸಲಾರದು. ಆಂಬುಲೆನ್ಸ್ ಸಿಲಿಂಡರ್ ಮರುಪೂರಣ ಹೊರಗಿನ ಸರಬರಾಜುದಾರರ ಗಾಡಿಯನ್ನೇ ಕಾಯಬೇಕು. ನಮ್ಮ ಮಲೆನಾಡಿನ ತೇವ ಆ ಜಿಯೋಲೈಟಿಗೆ ಶತ್ರು. ಡ್ರೈಯರ್ ಕೆಟ್ಟು, ನೀರು ಹೊರಬಿಡುವ ವಾಲ್ವ್ ಕಟ್ಟಿಕೊಂಡರೆ ಶುದ್ಧತೆ ಸದ್ದಿಲ್ಲದೆ ಇಳಿಯುತ್ತದೆ. ಕರೆಂಟ್ ಹೋದಾಗ ಜನರೇಟರ್ ತಾನೇ ಹಿಡಿಯದಿದ್ದರೆ ಪೈಪ್ ಖಾಲಿ. ನಿಮಿಷಕ್ಕೆ 500 ಲೀಟರ್ ಸಾಮರ್ಥ್ಯದ ಘಟಕ 15 ಲೀಟರ್‌ನಂತೆ 33 ಜನಕ್ಕೆ ಆಗಿಬರುತ್ತದೆ. ಬಸ್ಸು ಉರುಳಿದ ದಿನ ವಾರ್ಡುಗಳ ಹಳೆಯ ರೋಗಿಗಳ ಜೊತೆಗೆ ಇವರೂ ಸೇರುತ್ತಾರೆ ಎಂಬುದು ನೆನಪಿರಲಿ. ಪ್ರತಿ ದಿನ ಶುದ್ಧತೆಯ ಅಂಕಿ ಬರೆಯಬೇಕು, ಬದಲಿ ಸಿಲಿಂಡರ್‌ಗಳ ಸಾಲು ಸದಾ ತುಂಬಿರಬೇಕು.

ಹೈಪರ್‌ಬಾರಿಕ್ ಚೇಂಬರ್ (ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಉಸಿರಾಡಿಸುವ ಮುಚ್ಚಿದ ಕೋಣೆ) ಬಗ್ಗೆಯೂ ಈಚೆಗೆ ಜನ ಕೇಳುತ್ತಿದ್ದಾರೆ. ನಜ್ಜುಗುಜ್ಜಾದ ಕೈಕಾಲುಗಳಿಗೆ ಇದರಿಂದ ಉಪಯೋಗವಿದೆ ಎಂಬುದಕ್ಕೆ ಆಧಾರವಿದೆ. ಎರಡೂವರೆ ವಾತಾವರಣದ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಟ್ಟಾಗ ಪ್ರತಿ 100 ಮಿಲಿಲೀಟರ್ ರಕ್ತದ ದ್ರವದಲ್ಲೇ 5 ಮಿಲಿಲೀಟರಿನ ಹತ್ತಿರ ಕರಗುತ್ತದೆ, ರಕ್ತಕಣ ನುಸುಳಲಾಗದ ಊದಿದ ಮಾಂಸಕ್ಕೂ ಅದು ಮುಟ್ಟುತ್ತದೆ. ಫ್ರಾನ್ಸಿನಲ್ಲಿ 36 ಜನರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ಜೊತೆ ಈ ಚಿಕಿತ್ಸೆಯನ್ನೂ ಪಡೆದ 18 ಜನರಲ್ಲಿ 17 ಮಂದಿಯ ಗಾಯ ಪೂರ್ತಿ ಮಾಯಿತು. ಪಡೆಯದ 18 ಜನರಲ್ಲಿ 10 ಮಂದಿಗೆ. ಆದರೆ ಅಲ್ಲಿ ಮೊದಲು ಶಸ್ತ್ರಚಿಕಿತ್ಸೆ ಆಗಿತ್ತು, ಚೇಂಬರ್ ಅದರ ಬೆಂಬಲಕ್ಕೆ ಬಂದದ್ದು. ಎದೆಯಲ್ಲಿ ಗಾಳಿ ತುಂಬಿದವರನ್ನು ಟ್ಯೂಬ್ ಹಾಕದೆ ಒಳಗೆ ಬಿಡುವಂತೆಯೇ ಇಲ್ಲ. ಬೆಂಕಿಯ ಅಪಾಯವೂ ಸದಾ ಇದೆ. 'ಆಕ್ಸಿಜನ್ ಥೆರಪಿ' ಎಂದು ಮಾರುವ ಮೆತ್ತನೆಯ ಚೀಲದ ಚೇಂಬರ್‌ಗಳಂತೂ ಬೇರೆಯೇ ವಸ್ತು. ಅವುಗಳಲ್ಲಿ ಸಾದಾ ಗಾಳಿಯನ್ನು 1.3 ವಾತಾವರಣಕ್ಕೆ ಒತ್ತುತ್ತಾರೆ. ಅದರಿಂದ ಸಿಗುವುದು 27% ಆಕ್ಸಿಜನ್‌ಗೆ ಸಮ. ಮೂಗಿನ ನಳಿಕೆಯಲ್ಲಿ 2 ಲೀಟರ್ ಬಿಟ್ಟರೆ ಅಷ್ಟೇ ಸಿಗುತ್ತದೆ. ಗಾಯಾಳುಗಳ ಹೆಸರಿನಲ್ಲಿ ಸಾರ್ವಜನಿಕ ಹಣ ಅಂಥದಕ್ಕೆ ಹೋಗಬಾರದು. ನಿಜವಾದ ಚೇಂಬರ್ ಎಂದಾದರೂ ಬರಲಿ, ವಾಷರ್, ಕೀ, ಚೀಲದ ಮಾಸ್ಕ್, ಎದೆಯ ಟ್ಯೂಬ್ ಮತ್ತು ರಕ್ತ ಎಲ್ಲ ತಾಲೂಕಿನಲ್ಲೂ ಸಿಗುವಂತಾದ ಮೇಲೆ ಬರಲಿ.

ನಮ್ಮ ಕೋರಿಕೆಗಳು ಹೀಗಿವೆ. ಪಾಳಿ ಬದಲಾಗುವಾಗ ಪ್ರತಿ ಆಂಬುಲೆನ್ಸ್‌ನ ಎರಡೂ ಸಿಲಿಂಡರಿನ ಗೇಜ್ ಅಂಕಿಯನ್ನು ಬರೆದು ಸಹಿ ಮಾಡುವ ನಿಯಮ ಬರಲಿ, ಟಿಕ್ ಗುರುತು ನಿಲ್ಲಲಿ. 100ಕ್ಕಿಂತ ಕಡಿಮೆ ಇದ್ದರೆ ಬದಲಿಸಿಕೊಂಡೇ ಹೊರಡಲಿ. ಸಕಲೇಶಪುರ, ಆಲೂರು, ಬೇಲೂರು, ಅರಕಲಗೂಡು ತಾಲೂಕು ಆಸ್ಪತ್ರೆಗಳಲ್ಲಿ ಖಾಲಿ ಸಿಲಿಂಡರ್ ಇಟ್ಟು ತುಂಬಿದ್ದನ್ನು ಎತ್ತಿಕೊಂಡು ಹೋಗುವ ವ್ಯವಸ್ಥೆ ಹಗಲು ರಾತ್ರಿ ಇರಲಿ. ಸ್ಟೋರ್ ಕೀಪರ್ ಬರುವವರೆಗೆ ಬೀಗ ಕಾಯುವ ಸ್ಥಿತಿ ಬೇಡ. ಪ್ರತಿ ವಾಹನದಲ್ಲೂ ಸೀಲ್ ಮಾಡಿದ ಒಂದು ಚೀಲ ಇರಲಿ: ಬಿಡಿ ವಾಷರ್‌ಗಳು, ದೊಡ್ಡವರ ಮತ್ತು ಮಕ್ಕಳ ಚೀಲದ ಮಾಸ್ಕ್, ಎರಡೂ ಅಳತೆಯ ಅಂಬು ಬ್ಯಾಗ್, ಉಸಿರಿನ ದಾರಿ ತೆರೆದಿಡಲು ಬಾಯಿಗೆ ಇಡುವ ಏರ್‌ವೇ, ಆಕ್ಸಿಜನ್ ಟ್ಯೂಬ್. ಬಳಸಿದ ದಿನವೇ ಅದನ್ನು ಮತ್ತೆ ತುಂಬಬೇಕು. ರೆಫರಲ್ ಚೀಟಿಯಲ್ಲಿ ಆಕ್ಸಿಜನ್ ಎಷ್ಟು ಲೀಟರ್, ಯಾವ ಮಾಸ್ಕ್, ಹೊರಟಾಗ ಮತ್ತು ಮುಟ್ಟಿದಾಗ ಆಕ್ಸಿಮೀಟರ್ ಎಷ್ಟು, ಉಸಿರು ಎಷ್ಟು, ಗೇಜ್ ಎಷ್ಟು ಎಂಬ ಕಾಲಂಗಳನ್ನು ಸೇರಿಸಿ. ಆ ಚೀಟಿಗಳನ್ನು ತಿಂಗಳಿಗೊಮ್ಮೆ ಜಿಲ್ಲಾ ಮಟ್ಟದಲ್ಲಿ ಕೂತು ನೋಡಿದರೆ ಆಕ್ಸಿಜನ್ ಯಾವ ದಾರಿಯಲ್ಲಿ, ಏಕೆ ತಪ್ಪುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ. ಯಾರನ್ನೂ ಶಿಕ್ಷಿಸಲು ಅದನ್ನು ಬಳಸಬಾರದು, ಬಳಸಿದರೆ ನಿಜವಾದ ಅಂಕಿ ಯಾರೂ ಬರೆಯುವುದಿಲ್ಲ.

ತರಬೇತಿ ವರ್ಷಕ್ಕೆ ಎರಡು ಸಲ ಸಾಕು, ಆದರೆ ಕೈಯಲ್ಲಿ ಮಾಡಿಸುವ ತರಬೇತಿಯಾಗಬೇಕು. ಒಂದು ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು. ಇನ್ನೊಂದು ನವೆಂಬರ್‌ನಲ್ಲಿ, ಕಾಫಿ ಕೊಯ್ಲು ಜೋರಾಗುವ ಮೊದಲು. ಸ್ಟಾಫ್ ನರ್ಸ್‌ಗಳು, ಆಂಬುಲೆನ್ಸ್ ಸಿಬ್ಬಂದಿ, ಚಾಲಕರು ಎಲ್ಲರೂ ಬರಲಿ. ಸಿಲಿಂಡರ್ ಬದಲಿಸುವುದು, ಸೋರಿಕೆ ಹುಡುಕುವುದು, ಚೀಲ ತುಂಬಿಸುವುದು, ಇಬ್ಬರು ಸೇರಿ ಅಂಬು ಬ್ಯಾಗ್ ಒತ್ತುವುದು, ನಿಮಿಷಗಳ ಲೆಕ್ಕ ಹಾಕುವುದು ಇವಿಷ್ಟನ್ನು ಪ್ರತಿಯೊಬ್ಬರೂ ಮಾಡಿ ತೋರಿಸಬೇಕು. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಕಲಿಸಲು ನಾವು ರಜೆಯ ದಿನ ಬರಲು ಸಿದ್ಧ, ಸಂಭಾವನೆ ಬೇಡ. ಖಾಲಿ ಸಿಲಿಂಡರ್ ಎರಡು, ತುಂಬಿದ್ದು ಎರಡು, ಒಂದು ದೊಡ್ಡ ಕೋಣೆ ಕೊಡಿಸಿದರೆ ಸಾಕು. ಸಕಲೇಶಪುರ ತಾಲೂಕಿನಿಂದ ಆರಂಭಿಸಿ, ಮುಂದಿನ ಮುಂಗಾರಿನೊಳಗೆ ಮೊದಲ ಸುತ್ತು ಮುಗಿಸುವಂತೆ ಆದೇಶಿಸಬೇಕೆಂದೂ, ಕೈಗೊಂಡ ಕ್ರಮವನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ತುರ್ತು ಚಿಕಿತ್ಸೆ, ಅರಿವಳಿಕೆ ಮತ್ತು ಆಂಬುಲೆನ್ಸ್ ಸೇವೆಯಲ್ಲಿ ದುಡಿಯುತ್ತಿರುವವರು
ಹಾಸನ ಜಿಲ್ಲೆ